ಸೊನ್ನೆ ಅಡಿ ಬೇಲಿ

೧೯೮೮ರಲ್ಲಿ ವಿಜಯನಗರದ ಕಂಪ್ಯೂಟರ್ ಸೆಂಟರೊಂದರಲ್ಲಿ ಪಾಠ ಹೇಳುತ್ತಿದ್ದ ಪಂಕಜಾ ಮಧ್ಯಾಹ್ನದ ಬಿಡುವಿನಲ್ಲಿ ಬೇಸ್‌ಬಾಲ್ ಆಟದ ಫ್ಲಾಪಿ ಹಾಕಿಕೊಂಡು ಕೂರುತ್ತಿದ್ದಳು. ಆಡುವುದಕ್ಕಲ್ಲ. ಅದರಲ್ಲಿ ಬೇಕಾದ ಹಾಗೆ ಮೈದಾನವನ್ನೇ ಕಟ್ಟಿಕೊಳ್ಳಬಹುದಿತ್ತು. ಅವಳು ಕಟ್ಟುತ್ತಿದ್ದುದು ಕೆಂಗೇರಿಯ ತನ್ನ ಕೇರಿಯ ಮುಂದಿನ ಪಟಾಲಮ್ಮನ ಬಯಲು: ಎಡಕ್ಕೆ ಅರಳಿಕಟ್ಟೆ, ಬಲಕ್ಕೆ ಬಾವಿ, ನಟ್ಟನಡುವೆ ಕೇರಿಯಿಂದ ಗುಡಿಗೆ ಹೋಗುವ ಕಾಲುದಾರಿ.

ಆ ದಾರಿ ಮೇಲಿನ ಬೀದಿಯವರು ಧರ್ಮಕ್ಕೆ ಕೊಟ್ಟಿದ್ದಲ್ಲ. ಅವಳ ಅಜ್ಜಿ ಅಂಜಮ್ಮ ಮತ್ತು ಓರಗೆಯ ಹೆಂಗಸರು ತಂಬಿಟ್ಟಿನ ಆರತಿ ಹೊತ್ತು, ಬೈಗುಳ ತಿಂದು, ನಡೆದು ನಡೆದೇ ಮಾಡಿಕೊಂಡಿದ್ದು. ಈಗ ಬಯಲು ಪಾರ್ಕ್ ಆಗುತ್ತಿತ್ತು. ನಕ್ಷೆಯಲ್ಲಿ ಸುತ್ತಲೂ ಬೇಲಿ, ಗೇಟು ಮಾತ್ರ ಮೇಲಿನ ಬೀದಿಗೆ. ಸೋಮವಾರ ಕಂಬ ನೆಡುವವರಿದ್ದರು.

ಶನಿವಾರ ಊಟದ ಡಬ್ಬಿ ತಂದ ಅಂಜಮ್ಮ ಪರದೆ ನೋಡಿದಳು. ಕಟ್ಟಿದ ಮೈದಾನದಲ್ಲಿ ಯಂತ್ರ ತಾನೇ ಆಟ ಆಡಿ ತೋರಿಸುತ್ತಿತ್ತು.

"ಇದೇನೇ, ಹೊಡೆದೋನು ಬ್ಯಾಟ್ ಬಿಸಾಕಿ ಓಡ್ತವ್ನೆ. ಏನಾದ್ರೂ ಕದ್ದವ್ನಾ?"

"ಆಟಾನೇ ಹಂಗೆ ಕಣಜ್ಜಿ."

"ನಮ್ ದಾರಿಗೂ ಗೋಡೆ ಹಾಕಿದೀಯಲ್ಲ. ನೀನೂ ಅವರ ಕಡೆ ಸೇರ್ಕೊಂಡ್ಯಾ?"

ಪಂಕಜಾಳ ಮುಖ ಬಿಸಿಯಾಯಿತು. ಮೈದಾನದ ಸುತ್ತಲಿನ ಗೋಡೆಯಲ್ಲಿ ಸಂದು ಬಿಟ್ಟರೆ ಮೈದಾನ ಪೂರ್ತಿಯಾಗಿಲ್ಲವೆಂದು ಯಂತ್ರ ತಕರಾರು ತೆಗೆಯುತ್ತಿತ್ತು. "ಗೋಡೆ ಇರ್ಲೇಬೇಕಂತೆ ಅಜ್ಜಿ."

"ಇರ್ಲಿ. ಎಷ್ಟೆತ್ತರ ಇರ್ಬೇಕಂತೆ?"

ಅದನ್ನು ಪಂಕಜಾ ಕೇಳಿಯೇ ಇರಲಿಲ್ಲ. ದಾರಿಯ ಜಾಗದಲ್ಲಿ ಗೋಡೆಯ ಎತ್ತರ ಅಳಿಸಿ ಸೊನ್ನೆ ಒತ್ತಿದಳು. ಯಂತ್ರ ತುಟಿಪಿಟಿಕ್ಕೆನ್ನದೆ ಒಪ್ಪಿತು.

ಸಂಜೆ ತರಗತಿಗೆ, ಅವಳ ಬಳಿ ಕಂಪ್ಯೂಟರ್ ಕಲಿಯುತ್ತಿದ್ದ ಪಾರ್ಕಿನ ಎಂಜಿನಿಯರ್ ಚನ್ನಕೇಶವ ಬಂದರು. ಕೇರಿಯವರ ಮೂರು ಅರ್ಜಿಗೂ "ಬೇಲಿ ನಾಲ್ಕೂ ಕಡೆ ಸ್ಯಾಂಕ್ಷನ್ ಆಗಿದೆ" ಎಂದೇ ಉತ್ತರ ಕೊಟ್ಟಿದ್ದವರು. ಪಂಕಜಾ ಅವರನ್ನು ಆಟಕ್ಕೆ ಕೂರಿಸಿದಳು. ಅವರು ಹೊಡೆದ ಚೆಂಡು ದಾರಿಗುಂಟ ಉರುಳಿ ಮೈದಾನದಾಚೆ ಹೋಯಿತು.

"ಇಲ್ಲಿ ಗೋಡೆ ಎಲ್ಲಿ ಮೇಡಂ?"

"ಇದೆ ಸಾರ್. ಎತ್ತರ ಸೊನ್ನೆ."

ಅವರು ಕಟ್ಟೆ ನೋಡಿದರು, ಬಾವಿ ನೋಡಿದರು. "ಇದು ನಮ್ ಪಾರ್ಕು."

"ನಮ್ ಬಯಲು," ಮನೆಗೆ ಹೋಗದೆ ಸ್ಟೂಲಿನ ಮೇಲೇ ಕೂತಿದ್ದ ಅಂಜಮ್ಮ ತಿದ್ದಿದಳು. "ಸೋಮವಾರ ಕೇರಿ ಪೂರ್ತಿ ಆ ದಾರೀಲೇ ಕೂತಿರ್ತೀವಿ ಸ್ವಾಮಿ. ಕಂಬ ನಮ್ ತಲೆ ಮೇಲೆ ನೆಡ್ಸಿ."

ಚನ್ನಕೇಶವ ತಲೆ ಕೆರೆದುಕೊಂಡರು. ಆಮೇಲೆ ನಗು ತಡೆಯಲಾಗಲಿಲ್ಲ. "ಸ್ಯಾಂಕ್ಷನ್‌ನಲ್ಲಿ ಉದ್ದ ಮಾತ್ರ ಇದೆ. ಎತ್ತರ ಬರೆಯೋನು ನಾನೇ."

ಮಂಗಳವಾರದ ಹೊತ್ತಿಗೆ ಬಯಲಿನ ಸುತ್ತ ಕಂಬ ಎದ್ದಿದ್ದವು. ದಾರಿಗೆ ಅಡ್ಡ ಮಾತ್ರ ನೆಲಮಟ್ಟಕ್ಕೆ ಒಂದು ಸಾಲು ಕಲ್ಲು. ಕಚೇರಿಯ ಕಾಗದದಲ್ಲಿ ಅದೂ ಬೇಲಿಯೇ. ಆರತಿ ಹೊತ್ತ ಅಂಜಮ್ಮ ಅದರ ಮೇಲೆ ನಿಂತು, ಕಾಲಲ್ಲಿ ಒತ್ತಿ ನೋಡಿದಳು.

"ಬೇಲಿ ಗಟ್ಟಿಯಾಗೇ ಹಾಕವ್ರೆ ಕಣೇ," ಎಂದು ಗುಡಿಯತ್ತ ನಡೆದಳು.