ಐಸಣ್ಣನ ಮಗಳ ಜ್ವರ

ಬೇಸಿಗೆಯಲ್ಲಿ ಜ್ವರ ಬಂದರೆ ನಮ್ಮ ಬೀದಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಸಿಲಿನ ಕಾವು ಎನ್ನುತ್ತಾರೆ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಾರೆ. ಐಸ್ ಫ್ಯಾಕ್ಟರಿ ನಡೆಸುವ ಐಸಣ್ಣನೂ ಮಗಳಿಗೆ ಅಷ್ಟೇ ಮಾಡಿದ್ದ. ಮಾತ್ರೆಗೆ ಇಳಿದ ಜ್ವರ ಮತ್ತೆ ಏರುತ್ತಿತ್ತು. ಹುಡುಗಿ ಊಟ ಬಿಟ್ಟಿದ್ದಳು. ತಾಯಿ ಬಟ್ಟೆಯಲ್ಲಿ ಐಸ್ ಕುಟ್ಟಿ, ಚೂರುಗಳನ್ನು ಅವಳ ಒಣಗಿದ ತುಟಿಗೆ ಇಡುತ್ತಿದ್ದಳು.

ಪಕ್ಕದ ಮನೆಯ ನರ್ಸಕ್ಕ ಬಂದು ಹಣೆ ಮುಟ್ಟಿ ನೋಡಿದಳು.

“ಇದು ಟೈಫಾಯಿಡ್ ಇರಬಹುದು ಕಣೋ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಬಾ, ರಕ್ತ ಪರೀಕ್ಷೆ ಮಾಡಿಸೋಣ. ಮೊದಲು ಆ ಐಸ್ ಕೊಡೋದು ನಿಲ್ಲಿಸು, ಅದರಲ್ಲೇ ಕ್ರಿಮಿ ಇರಬಹುದು.”

“ಏನಕ್ಕ ನೀನು! ಕಲ್ಲಿನಂಗೆ ಗಟ್ಟಿಯಾಗಿರೋ ಐಸಲ್ಲಿ ಯಾವ ಕ್ರಿಮಿ ಸ್ವೆಟರ್ ಹಾಕ್ಕೊಂಡು ಕೂತಿರತ್ತೆ?” ಐಸಣ್ಣ ನಕ್ಕ.

“ಚಳಿಗೆ ಅವು ಸಾಯಲ್ಲಪ್ಪ, ನಿದ್ದೆ ಮಾಡ್ತವೆ. ಬಾಯಲ್ಲಿ ಕರಗಿದ್ರೆ ಎದ್ದು ಕೂರ್ತವೆ.”

ಅವನ ನಗು ಆರಿತು. “ಪರೀಕ್ಷೆ ಮಾಡಿದ್ರೆ ಮೇಲಕ್ಕೆ ವರದಿ ಕಳಿಸ್ತೀರಿ. ನಾಳೆ ಪೇಪರಲ್ಲಿ ನನ್ನ ಹೆಸರು, ಫ್ಯಾಕ್ಟರಿಗೆ ಬೀಗ. ನಮ್ಮನೆ ಜ್ವರ ದೇಶಕ್ಕೆ ಯಾಕೆ?”

“ದೇಶದ ರೋಗ ನಿಗಾ ಸಂಸ್ಥೆಗೆ ಹೋಗತ್ತೆ, ನಿಜ. ಹೆಸರು ಹೋಗಲ್ಲ. ಬೀಗ ಹಾಕೋ ಅಧಿಕಾರಾನೂ ಅವರಿಗಿಲ್ಲ. ಎಲ್ಲಾ ಆಸ್ಪತ್ರೆಗಳ ಸುದ್ದಿ ಜೋಡಿಸಿ, ರೋಗ ಎಲ್ಲಿಂದ ಹೊರಟಿದೆ ಅಂತ ಹುಡುಕಿ, ಎಲ್ಲರಿಗೂ ಹೇಳೋದು ಅವರ ಕೆಲಸ.”

“ದೊಡ್ಡವರು ಒಂದು ಫೋನ್ ಮಾಡಿದ್ರೆ ಎಲ್ಲಾ ಮುಚ್ಚಿಹೋಗತ್ತೆ, ಬಿಡು.”

“ಅದಕ್ಕೇ ಅದನ್ನ ಒಬ್ಬರ ಕೈಗೆ ಕೊಟ್ಟಿಲ್ಲ. ಮಂಡಳಿ ಇದೆ. ವೈದ್ಯರಿದ್ದಾರೆ, ಜನರ ಕಡೆಯವರಿದ್ದಾರೆ. ಸಚಿವರು ಹೇಳಿದ್ರೂ ವರದಿ ತಡೆಯೋ ಹಾಗಿಲ್ಲ. ಆದ್ರೆ ನಾವೇ ಹೇಳದೇ ಇದ್ದದ್ದನ್ನ ಅವರು ಎಲ್ಲಿಂದ ತರ್ತಾರೆ?”

“ಈ ಬೇಸಿಗೆ ಒಂದು ಮುಗೀಲಿ ಅಕ್ಕ,” ಎಂದ ಐಸಣ್ಣ.

ಬೇಸಿಗೆ ಮುಗಿಯುವವರೆಗೆ ಮಗಳು ಕಾಯಲಿಲ್ಲ. ಹೊಟ್ಟೆ ಬಿಗಿದು ಕಲ್ಲಾಯಿತು. ಆಸ್ಪತ್ರೆಗೆ ಹೊತ್ತೊಯ್ಯುವ ಹೊತ್ತಿಗೆ ಕರುಳು ತೂತಾಗಿತ್ತು. ಐಸಣ್ಣ ಡಾಕ್ಟರಿಗೆ ಕೈಮುಗಿದ. “ಪರೀಕ್ಷೆ ಮಾಡಿ. ಯಾರಿಗೆ ಬೇಕಾದ್ರೂ ಕಳಿಸಿ.”

ರಕ್ತ ತೆಗೆದರು. ಟೈಫಾಯಿಡ್ ಎಂದೇ ಬಂತು. ಹುಡುಗಿ ಉಳಿಯಲಿಲ್ಲ.

ಬೇರೆ ಬೇರೆ ಆಸ್ಪತ್ರೆಗಳ ಬಿಡಿ ಸುದ್ದಿಗಳು ನಿಗಾ ಸಂಸ್ಥೆಯಲ್ಲಿ ಆಗಲೇ ಇದ್ದವು. ಜ್ಯೂಸ್ ಅಂಗಡಿಯವನಿಗೆ ಜ್ವರ, ಮದುವೆಗೆ ಹೋಗಿಬಂದವರಿಗೆ ಜ್ವರ. ಒಂದಕ್ಕೊಂದು ಸಂಬಂಧ ಸಿಕ್ಕಿರಲಿಲ್ಲ. ಐಸಣ್ಣನ ಮನೆಯ ಸುದ್ದಿ ಸೇರಿದ ಮೇಲೆ ಸಿಕ್ಕಿತು: ಎಲ್ಲರ ಲೋಟದಲ್ಲೂ ಇದ್ದದ್ದು ಅವನ ಐಸ್. ಫ್ಯಾಕ್ಟರಿಗೆ ನೀರು ತರುವ ಪೈಪಿನೊಳಗೆ ಚರಂಡಿ ನೀರು ಸೋರುತ್ತಿತ್ತು. ವರದಿಯನ್ನು ಬೇಸಿಗೆ ಕಳೆಯುವವರೆಗೆ ತಡೆಯಿರಿ ಎಂದು ವ್ಯಾಪಾರಿಗಳ ಸಂಘ ಸಚಿವರ ಬಳಿಗೆ ಓಡಿತು. ಮಂಡಳಿ ಒಪ್ಪಲಿಲ್ಲ. ವರದಿ ಹೊರಬರುವ ಮೊದಲೇ ಐಸಣ್ಣ ತಾನಾಗಿ ಫ್ಯಾಕ್ಟರಿಯ ಮೋಟಾರ್ ನಿಲ್ಲಿಸಿದ್ದ.

ನರ್ಸಕ್ಕ ವರದಿಯನ್ನು ಅವನಿಗೆ ಓದಿ ಹೇಳಿದಳು. ‘ಹದಿಹರೆಯದ ಹುಡುಗಿಯೊಬ್ಬಳು’ ಎಂದಷ್ಟೇ ಇತ್ತು.

“ನನ್ನ ಹೆಸರಿಲ್ವಾ?”

“ಇಲ್ಲಪ್ಪ. ಹೇಳಿದ್ನಲ್ಲ.”

“ಅವಳದೂ ಇಲ್ವಾ ಅಕ್ಕ?”

ನರ್ಸಕ್ಕ ಹಾಳೆ ಮಡಚಿದಳು. ಬಚ್ಚಲಿನಲ್ಲಿ ತಾಯಿ ಐಸ್ ಕುಟ್ಟಿದ ಬಟ್ಟೆಯನ್ನು ಒಗೆಯುತ್ತಲೇ ಇದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಜ್ವರ ಬಿಡದಿದ್ದರೆ ಮನೆಯಲ್ಲಿ ಕಾಯುತ್ತ ಕೂರಬೇಡಿ. ರಕ್ತ ಪರೀಕ್ಷೆಗೆ ಒಪ್ಪಿ. ಏನು ತಿಂದಿರಿ, ಏನು ಕುಡಿದಿರಿ ಎಂದು ಕೇಳಿದರೆ ನಿಜ ಹೇಳಿ. ನಿಗಾ ಸಂಸ್ಥೆಯ ವರದಿ ಹೊರಬರದಿದ್ದರೆ ಎಲ್ಲಿ ಹೋಯಿತು ಎಂದು ದನಿಯೆತ್ತಿ ಕೇಳಿ. ನಿಮ್ಮ ಮಕ್ಕಳ ಹೆಸರು ಅದರಲ್ಲಿ ಬರುವುದಿಲ್ಲ. ಆ ಹೆಸರು ಮನೆಯೊಳಗೆ ಕೂಗಿ ಕರೆಯಲು ಉಳಿಯಲಿ.