ಗಾಜಿನ ಕುರಿಯ ಉಣ್ಣೆ

ಯಲ್ಲದಕೆರೆಯ ಹಟ್ಟಿಯಲ್ಲಿ ಅನುಸೂಯಳ ಮನೆಯ ತಗಡಿನ ಸೂರು ಎಂಥದ್ದೆಂದರೆ, ಬೇಸಿಗೆಯಲ್ಲಿ ಅದರ ಮೇಲೆ ಕಾಗೆ ಎರಡೂ ಕಾಲನ್ನು ಒಟ್ಟಿಗೆ ಊರಿದ್ದನ್ನು ಕಂಡವರಿಲ್ಲ. ಒಂದು ಕಾಲು ಊರಿ, ಅದು ಸುಟ್ಟ ಮೇಲೆ ಇನ್ನೊಂದು ಊರಿ, ಕುಣಿಯುತ್ತಲೇ ಹಟ್ಟಿಯ ಸಮಾಚಾರವನ್ನೆಲ್ಲ ನೋಡಿಕೊಂಡು ಹಾರಿಹೋಗುತ್ತಿತ್ತು. ಮೇಲೆ ಒಣಗಲು ಹಾಕಿದ ಹಪ್ಪಳ ಸುಟ್ಟೇ ಕೆಳಗಿಳಿಯುತ್ತಿತ್ತು. ಚಿತ್ರದುರ್ಗದವರು ತಮ್ಮ ಬಂಡೆಗಳು ಕಾಯುತ್ತವೆಂದು ಜಂಬ ಕೊಚ್ಚುತ್ತಾರೆ. ಹೊಳಲ್ಕೆರೆಯವರೂ ಸೆಖೆಯ ಬಗ್ಗೆ ಏನೋ ಹೇಳುತ್ತಾರೆ. ಪಾಪ, ಹೇಳಲಿ. ಅವರ್ಯಾರೂ ಮಧ್ಯಾಹ್ನ ಆ ಮನೆಯೊಳಗೆ ಕೂತವರಲ್ಲ.

ಕೂತವಳು ಅನುಸೂಯ ಒಬ್ಬಳೇ. ಗಂಡ ದೊಡ್ಡತಿಮ್ಮಪ್ಪ ಕುರಿಗಾರ. ಶ್ರೀರಾಂಪುರ, ಹೊಸದುರ್ಗದ ಕಡೆಯ ತೋಟಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತ ವರ್ಷವಿಡೀ ತಿರುಗುವವನು. ಹಾದಿಯಲ್ಲಿ ಹಟ್ಟಿ ಸಿಕ್ಕರೆ ಒಂದೆರಡು ದಿನ ತಂಗುವನು. ತಂಗಿದರೂ ಏನು, ಉಂಡು ಕೈ ತೊಳೆದವನೇ ಹೊರಗೆ ಹುಣಸೆಮರದ ಬುಡಕ್ಕೆ, ಕುರಿಗಳ ಪಕ್ಕಕ್ಕೆ. ಒಳಗೆ ಮಲಗಿದರೆ ಬೆಂದೇಹೋಗುತ್ತೇನೆ ಎನ್ನುವುದು ಅವನ ಯಾವತ್ತಿನ ಮಾತು. ಮದುವೆಯಾದ ಹೊಸದರಲ್ಲಿ ಹುಲ್ಲಿನ ಗುಡಿಸಲಿತ್ತು, ಆಗ ಅವನು ಒಳಗೇ ಮಲಗುತ್ತಿದ್ದ. ಮನೆಗೆ ತಗಡು ಬಂತು, ಗಂಡ ಹೊರಗೆ ಹೋದ. ಹೀಗಾಗಿ ಅನುಸೂಯ ಒಂದು ತೀರ್ಮಾನಕ್ಕೆ ಬಂದಿದ್ದಳು: ಸೂರು ತಣ್ಣಗಾದರೆ ಅವನು ವಾಪಸು ಬರುತ್ತಾನೆ. ದಿನವೂ ಬೇಡ. ಒಂದು ಮಧ್ಯಾಹ್ನ ಬಂದು ಪಕ್ಕದಲ್ಲಿ ಅಡ್ಡಾದರೂ ಅವಳ ಮನೆ ಮನೆಯಾಗುತ್ತಿತ್ತು.

ಹಿರಿಯೂರಿನಲ್ಲಿ ಸುದೀಪ್ ಎಂಬ ಸೀಲಿಂಗ್ ಕೆಲಸದವನಿದ್ದ. ಸೂರ್ಯನಿಗೇ ಸೀಲಿಂಗ್ ಹೊಡೆಯಬಲ್ಲೆ, ಏಣಿ ಸಿಗದೆ ಸುಮ್ಮನಿದ್ದೇನೆ ಎನ್ನುವ ಪೈಕಿ. ಅನುಸೂಯ ಫೋನ್ ಮಾಡಿದಾಗ ಅವನು, ತಗಡಿನ ಕೆಳಗೆ ಹಲಗೆ ಹೊಡೆದು, ನಡುವಿನ ಟೊಳ್ಳಿನಲ್ಲಿ ಕಾವು ತಡೆಯುವ ಗ್ಲಾಸ್ ವುಲ್ ತುಂಬಬೇಕು, ಅದನ್ನು ತರಿಸಲು ಒಂದು ವಾರವಾದರೂ ಹಿಡಿಯುತ್ತದೆ ಎಂದ. ವುಲ್ ಎಂದರೆ ಉಣ್ಣೆ ತಾನೇ ಎಂದು ಇವಳು ಕೇಳಿದಳು. ಹೂಂ, ಉಣ್ಣೆಯ ಥರವೇ ಎಂದು ಅವನು ಹೇಳುವಷ್ಟರಲ್ಲಿ ಇವಳಿಗೆ ನಗು ತಡೆಯಲಾಗಲಿಲ್ಲ. "ಕುರಿಗಾರ್ರ ಮನೆಗೆ ಉಣ್ಣೆ ಹೊತ್ಕಂಡು ಬರೋ ಗಂಡಸು ನೀನೊಬ್ನೇ ಕಣಪ್ಪ. ಹಲಗೆ ತಗಂಡು ಬಾ, ಸಾಕು," ಎಂದು ಫೋನ್ ಇಟ್ಟಳು.

ಉಣ್ಣೆಯೇನು, ಮನೆಯ ಮೂಲೆಯಲ್ಲಿ ಚಂದ್ರವಳ್ಳಿಯ ಗುಡ್ಡದಷ್ಟು ಬಿದ್ದಿತ್ತು. ಕತ್ತರಿಸಿದ್ದನ್ನು ಕೊಳ್ಳುವವರೇ ಇಲ್ಲದೆ ಚೀಲದ ಮೇಲೆ ಚೀಲ ಏರಿತ್ತು. ಅವಳು ಅದನ್ನು ಅಂಟುವಾಳದ ನೊರೆಯಲ್ಲಿ ಒಗೆದಳು. ಆ ನೊರೆ ಉಕ್ಕಿದ ಪರಿಗೆ, ವಾಣಿವಿಲಾಸ ಸಾಗರಕ್ಕೆ ಯಾವ ಕಡೆಯಿಂದ ಕೋಡಿ ಬಿತ್ತೆಂದು ಜನ ನೋಡಲು ಬಂದರು. ಒಣಗಿಸಿ, ಹಿಂಜಿ, ನುಸಿ ಹಿಡಿಯದಂತೆ ಒಣ ಬೇವಿನೆಲೆ ಬೆರೆಸಿ ಹರವಿಟ್ಟಳು.

ಸುದೀಪ್ ಬಂದವನು ರಾಶಿಯ ಮುಂದೆ ನಿಂತೇಬಿಟ್ಟ.

"ಅಕ್ಕ, ಇದು ಕುರಿ ಉಣ್ಣೆ. ನಾನ್ ಹೇಳಿದ್ದು ಗಾಜಿನ ಉಣ್ಣೆ."

"ಗಾಜಿನ ಕುರೀನ ಯಾವೂರಾಗೆ ಮೇಯಿಸ್ತಾರಪ್ಪ?"

ಅವನು ಜೇಬಿನಿಂದ ಮೊಬೈಲ್ ತೆಗೆದ. ಸ್ವಲ್ಪ ಹೊತ್ತು ತಿಕ್ಕಿ, ಪರದೇಶದಲ್ಲಿ ಇದನ್ನೂ ತುಂಬುತ್ತಾರಂತೆ ಎಂದು ಒಪ್ಪಿಕೊಂಡ. ಹಲಗೆ ಹೊಡೆದ, ಮೇಲೆ ಉಣ್ಣೆ ಹಾಸಿದ. ಗೋಡೆಗೂ ತಗಡಿಗೂ ನಡುವೆ ಇದ್ದ ಸಂದಿಗೆಲ್ಲ ಉಣ್ಣೆ ಗಿಡಿದ. ಇಲಿ ನುಗ್ಗದಂತೆ ಜಾಲರಿ ಬಿಗಿದ. ಮಳೆ ಹಿಡಿಯುವ ಮೊದಲು ಪ್ರತಿ ವರ್ಷ ತಗಡಿನ ಸ್ಕ್ರೂಗಳ ವಾಷರ್ ನೋಡಿಸಬೇಕು, ಸೋರಿ ಉಣ್ಣೆ ನೆಂದರೆ ಕೆಟ್ಟಿತು ಎಂದು ಬುದ್ಧಿ ಹೇಳಿ ಹೋದ.

ಆಮೇಲೆ ಆ ಮನೆ ತಂಪಾದದ್ದು ಹೇಗೆ! ಗೋಡೆಯ ಹಲ್ಲಿಗೆ ನೆಗಡಿಯಾಯಿತು. ಹಟ್ಟಿಯ ಕೋಳಿಗಳೆಲ್ಲ ಇಲ್ಲೇ ಬಂದು ಮೊಟ್ಟೆಯಿಟ್ಟವು. ಬಾಗಿಲಿನಿಂದ ಒಳಗೆ ಬಿದ್ದ ಬಿಸಿಲು ಕೂಡ ನಡುಗಿ ಹೊಸಲಿನ ಆಚೆಗೆ ಸರಿದು ಕೂರುತ್ತಿತ್ತು. ಅನುಸೂಯ ಮಾತ್ರ ಚಾಪೆಯ ಒಂದೇ ಅಂಚಿನಲ್ಲಿ ಮಲಗುತ್ತಿದ್ದಳು. ಇನ್ನೊಂದು ಅಂಚಿನ ಮೇಲೆ ಕೈ ಚಾಚಿ, ತಂಪು ಅಲ್ಲಿಯವರೆಗೂ ಇದೆಯೇ ಎಂದು ನೋಡುತ್ತಿದ್ದಳು. ಇತ್ತು. ಸುಮ್ಮನೆ ಇತ್ತು.

ಕೊನೆಗೊಂದು ಮಧ್ಯಾಹ್ನ ಮಂದೆ ಬಂತು. ಕುರಿಗಳು ಹುಣಸೆಯ ನೆರಳಿಗೆ ಕವಿದವು. ಜೊತೆಗಾರ ಮುದ್ದಪ್ಪ ಅಲ್ಲೇ ಕಂಬಳಿ ಹಾಸಿದ. ಹೊತ್ತಿಳಿದೊಡನೆ ಹೊಸದುರ್ಗದ ದಾರಿ ಹಿಡಿಯಬೇಕು, ಈ ಸಲ ತಂಗುವುದಿಲ್ಲ ಎನ್ನುತ್ತಲೇ ದೊಡ್ಡತಿಮ್ಮಪ್ಪ ಉಂಡ. ಉಂಡು ಎದ್ದವನು ಯಾಕೋ ನಿಂತ. ತಲೆಯೆತ್ತಿ ನೋಡಿದ. ಕೈಯೆತ್ತಿ ಹಲಗೆಗೆ ಅಂಗೈ ಒತ್ತಿದ.

"ಲೇ, ಏನ್ ತುಂಬ್ಸಿದೀಯೇ ಇದ್ರಾಗೆ?"

"ನಿಮ್ ಕುರಿಗಳ್ದೇ ಉಣ್ಣೆ. ಕುಂತ್ಕಳ್ರಿ."

ಅವನು ಕೂತ. ಮಲಗಿದ. ಬಿಸಿಗಾಳಿ ಬರುತ್ತದೆಂದು ಅವಳು ಬಾಗಿಲು ಹಾಕಿದಳು. ತೆರೆದಿಟ್ಟರೆ ಗಾಳಿಗಿಂತ ಮೊದಲು ಹಟ್ಟಿಯ ಹೆಂಗಸರೇ ಇಣುಕುತ್ತಾರೆನ್ನುವುದು ಬೇರೆ ಮಾತು. ಚಾಪೆಯ ತನ್ನ ಅಂಚಿನಲ್ಲಿ ಅವಳು ಅಲುಗದೆ ಮಲಗಿದಳು. ಇದೊಂದು ಮಧ್ಯಾಹ್ನಕ್ಕೆ ಅವಳು ಎಷ್ಟು ಯುಗ ಕಾದಿದ್ದಳೆಂದರೆ, ಅಷ್ಟು ಹೊತ್ತಿನಲ್ಲಿ ದುರ್ಗದ ಕೋಟೆಯನ್ನು ಕೆಡವಿ ಮತ್ತೆ ಕಟ್ಟಬಹುದಿತ್ತು.

ದೊಡ್ಡತಿಮ್ಮಪ್ಪ ಎದ್ದ. ಬಾಗಿಲು ಸರಿಸಿ ಹೊರಗೆ ನೋಡಿದ, ಬಂದು ಮಲಗಿದ. ಮತ್ತೆ ಎದ್ದ.

"ಸೆಕೆ ಆಗ್ತೈತಾ?"

"ಇಲ್ಲ. ತಂಪೈತೆ."

"ಮತ್ತೆ?"

ಅವನು ಹೇಳಲು ಸಂಕೋಚಪಟ್ಟ. "ಕುರಿ ಸದ್ದು ಕೇಳಂಗಿಲ್ಲ ಕಣೆ. ಕಿವಿ ಹೋದಂಗಾಗೈತೆ. ಅವು ಮೆಲುಕು ಹಾಕೋದು ಕೇಳಿದ್ರೇನೇ ನಂಗೆ ಕಣ್ಣು ಮುಚ್ಚೋದು."

ಮೆಲುಕಿನ ಸದ್ದು! ಅದಕ್ಕೆ ಅವಳು ಯಾವ ಸೀಲಿಂಗಿನವನನ್ನು ಕರೆಸಬೇಕು?

"ನನ್ ಉಸಿರು ಕೇಳ್ತೈತಲ್ಲ," ಎಂದಳು, ಗೋಡೆಯ ಕಡೆ ನೋಡುತ್ತ.

"ಕೇಳ್ತೈತೆ. ಅದ್ಕೇ ಇಷ್ಟೊತ್ತು ಮಲಗಿದ್ದು."

ಅವಳಿಗೆ ಅಷ್ಟು ಸಾಕಾಯಿತು, ಸಾಲದೆಯೂ ಹೋಯಿತು. ಎದ್ದಳು. ಸ್ಟೂಲು ಎಳೆದು ಹತ್ತಿ, ಹುಣಸೆಮರದ ಕಡೆಯ ಸಂದಿನಲ್ಲಿ ಜಾಲರಿ ಸಡಿಲಿಸಿ, ಗಿಡಿದ ಉಣ್ಣೆಯನ್ನು ಬೊಗಸೆ ಬೊಗಸೆಯಾಗಿ ಕಿತ್ತಳು. ಹೊರಗಿನ ಕಾವು ಕುಲುಮೆಯ ತಿದಿ ಒತ್ತಿದ ಹಾಗೆ ಅವಳ ಮುಖಕ್ಕೆ ಬಡಿಯಿತು. ಅದರ ಬೆನ್ನಿಗೇ ಮಂದೆಯ ಸದ್ದು ಬಂತು: ನೂರಾರು ದವಡೆಗಳು ನಿಧಾನವಾಗಿ ಅರೆಯುವ ಸದ್ದು, ಎಲ್ಲೋ ಒಂದು ಗಂಟೆ, ಒಂದು ಸೀನು.

ಅವಳು ಇಳಿಯುವ ಮೊದಲೇ ಅವನು ನಿದ್ದೆಹೋಗಿದ್ದ. ಗೊರಕೆಗೆ ಗೂಡಿನ ಚೊಂಬುಗಳು ಒಂದಕ್ಕೊಂದು ತಾಗಿದವು. ಅವಳು ಬಿಸಿಗಾಳಿ ಬೀಳುವ ಕಡೆ ತಾನು ಮಲಗಿ, ತಂಪಿನ ಪಾಲು ಅವನಿಗೆ ಬಿಟ್ಟಳು. ಬೆವರು ಹರಿದರೂ ಸರಿಯಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ. ಅವನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಬಹಳ ಕಾಲವಾಗಿತ್ತು. ಹುಬ್ಬಿನಲ್ಲಿ ಒಂದು ಬಿಳಿಕೂದಲು ಅವಳನ್ನು ಕೇಳದೆಯೇ ಬಂದಿತ್ತು.

ಗೋಡೆಯ ನೆರಳು ಉದ್ದವಾಯಿತು. ಹೊರಗೆ ಮುದ್ದಪ್ಪ ಕೆಮ್ಮಿ ಎದ್ದು ಕಂಬಳಿ ಕೊಡವಿದ. ಕುರಿಗಳು ಒಂದೊಂದಾಗಿ ಏಳುವ ಸದ್ದು ಆ ಸಂದಿನಿಂದಲೇ ಒಳಗೆ ಇಳಿಯಿತು. ಇನ್ನು ಮಂದೆ ಹೊರಡಿಸಲು ಮುದ್ದಪ್ಪನದೊಂದು ಸಿಳ್ಳೆ, ಅಷ್ಟೇ.

ಅನುಸೂಯ ಮೆಲ್ಲಗೆ ಅಂಗೈ ಚಾಚಿ ಅವನ ಕಿವಿಯ ಮೇಲೆ ಇಟ್ಟಳು.

ಸಿಳ್ಳೆ ಬಿತ್ತು. ದೊಡ್ಡತಿಮ್ಮಪ್ಪನ ರೆಪ್ಪೆ ಅದುರಿತು. ಅವನು ಆ ಕೈಯನ್ನು ಸರಿಸಲಿಲ್ಲ.