ಇಬ್ಬರು ಕೂರುವ ಜೀಪು

ಜೀಪನ್ನು ಎತ್ತರಿಸಿ ದೊಡ್ಡ ಟೈರು ಹಾಕಿಸಬೇಕೆಂಬ ಯೋಚನೆ ಅಣ್ಣನದು. ಎಷ್ಟು ಎತ್ತರ, ಎಷ್ಟು ದೊಡ್ಡದು ಎಂಬ ಲೆಕ್ಕಾಚಾರ ನನ್ನದು. ಯಾಕೆ ಎಂಬುದು ಇಬ್ಬರದೂ ಎಂದುಕೊಂಡಿದ್ದೆ.

ಅಪ್ಪ ಹಾಸಿಗೆ ಹಿಡಿದಾಗ ನಾನು ಶಾಲೆ ಬಿಟ್ಟು ಮನೆಯ ಮುಂದಿನ ದಿನಸಿ ಅಂಗಡಿಯಲ್ಲಿ ಕೂತೆ. ಅಪ್ಪ ಹೋದ ಮೇಲೂ ಅಲ್ಲೇ ಉಳಿದೆ. ಅಲ್ಲಿ ಮಾತು ಹೆಚ್ಚು ಬೇಕಾಗುವುದಿಲ್ಲ. ಗಿರಾಕಿ ಕೈ ತೋರಿಸುತ್ತಾನೆ, ನಾನು ತೆಗೆದುಕೊಡುತ್ತೇನೆ. ಇವಳು ಬಾಯಿಗೆ ಹೊಲಿಗೆ ಹಾಕಿಕೊಂಡೇ ಹುಟ್ಟಿದಳು ಎಂದು ಅಮ್ಮ ನೆಂಟರ ಮುಂದೆ ನಗುತ್ತಿದ್ದಳು. ಅಪ್ಪನ ಹಳೇ ಜೀಪು ಹಿತ್ತಲಲ್ಲಿ ನಿಂತಿತ್ತು.

ಮುಚ್ಚಿಹೋದ ಕಲ್ಲಿನ ಕ್ವಾರಿಯ ಮೇಲ್ಗಡೆ ಒಂದು ಕಾಲೊನಿ ಇದೆ. ಲಾರಿ ಓಡಾಟ ನಿಂತ ಮೇಲೆ ಅಲ್ಲಿಯ ರಸ್ತೆಯನ್ನು ಕೇಳುವವರಿಲ್ಲ. ಗ್ಯಾಸ್ ಸಿಲಿಂಡರ್, ಹಿಟ್ಟಿನ ಚೀಲ, ಎಲ್ಲವನ್ನೂ ಕೊನೆಯ ಬಸ್ ಸ್ಟಾಪಿನಿಂದ ಒಬ್ಬ ಹಮಾಲಿ ಹೊತ್ತುಕೊಂಡು ಹೋಗಬೇಕು. ನಮ್ಮ ಅಂಗಡಿಯ ಸಾಮಾನನ್ನು ವಾರಕ್ಕೆರಡು ಸಲ ಜೀಪಿನಲ್ಲಿ ಮೇಲಕ್ಕೆ ಒಯ್ಯೋಣ ಎಂದು ಅಣ್ಣ ಒಂದು ದಿನ ಊಟಕ್ಕೆ ಕೂತಾಗ ಹೇಳಿದ. ನಾನು ತಲೆ ಎತ್ತಿದೆ. "ನೀನೇ ಓಡಿಸು ಪುಟ್ಟಿ," ಅಂದ. "ಕಲಿಸಿದ್ದು ಸುಮ್ನೇನಾ?"

ಕ್ವಾರಿಯ ಬಯಲಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದ್ದು ಅವನೇ. ಸ್ಟೀರಿಂಗ್ ಹಿಂದೆ ಕೂತಾಗ ಯಾರೂ ನನ್ನನ್ನು ಮಾತಾಡು ಅನ್ನುವುದಿಲ್ಲ.

ಅಂದಿನಿಂದ ನಮಗೆ ಅದೇ ಕೆಲಸ. ಜೀಪನ್ನು ಕಾಲೊನಿಯ ರಸ್ತೆಗೆ ಒಯ್ದು ಹೊಟ್ಟೆ ಎಲ್ಲಿ ಕಲ್ಲಿಗೆ ಬಡಿಯುತ್ತದೆ ಎಂದು ನೋಡಿದೆವು. ಅಣ್ಣ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಬಗ್ಗಿಕೊಂಡು ನಡೆಯುತ್ತಿದ್ದೆ. ಸ್ಪ್ರಿಂಗ್ ಬದಲಿಸಿದರೆ ಗಾಡಿಯ ಮೈ ಮಾತ್ರ ಮೇಲೇಳುತ್ತದೆ, ಎರಡು ಗಾಲಿಗಳನ್ನು ಸೇರಿಸುವ ಆಕ್ಸಲ್ ಇದ್ದಲ್ಲೇ ಇರುತ್ತದೆ, ಅದನ್ನು ಎತ್ತುವುದು ಟೈರೊಂದೇ ಎಂದು ನನಗೆ ತಿಳಿದದ್ದು ಅಲ್ಲಿ, ಮಣ್ಣಿನಲ್ಲಿ ಮಲಗಿದಾಗ. ಫ್ರಿಜ್ಜಿನ ರಟ್ಟಿನ ಡಬ್ಬ ಕತ್ತರಿಸಿ ಹೊಸ ಟೈರಿನಷ್ಟು ದೊಡ್ಡ ಚಕ್ರ ಮಾಡಿದೆ. ಒಂದು ಗಾಲಿಯನ್ನು ಕಲ್ಲಿನ ಗುಡ್ಡೆಯ ಮೇಲೆ ಹತ್ತಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ರಟ್ಟು ಎಲ್ಲಿ ತಾಗುತ್ತದೆ ಎಂದು ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ. ಅಣ್ಣ ಮೊದಲು ಆಸೆಪಟ್ಟ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆಂದು ಗೊತ್ತಾದದ್ದು ಹಾಗೆ. ಒಂದು ಸೈಜು ಚಿಕ್ಕದಕ್ಕೆ ಒಪ್ಪಿಕೊಂಡ. ನನ್ನ ತಂಗಿ ಕಣ್ಣಲ್ಲೇ ಟೇಪು ಇಟ್ಕೊಂಡಿದಾಳೆ ಎಂದು ಗ್ಯಾರೇಜಿನಲ್ಲಿ ಎಲ್ಲರಿಗೂ ಹೇಳಿದ.

ಅವನ ಹೊಸ ಗೆಳೆಯನೊಬ್ಬ ಆಗಾಗ ಬಂದು ನಿಂತು ನೋಡುತ್ತಿದ್ದ. ಏನು ಕಂಡರೂ ವಿಡಿಯೋ ಮಾಡುತ್ತಿದ್ದನಾದ್ದರಿಂದ ಅವನನ್ನು ಕ್ಯಾಮೆರಾ ಎಂದೇ ಕರೆಯುತ್ತಿದ್ದರು. ನಾನು ಜೀಪಿನಡಿಯಿಂದ ಏಳುವಾಗ ಅವನು ಮೊಬೈಲನ್ನು ಬೇರೆ ಕಡೆ ತಿರುಗಿಸುತ್ತಿದ್ದ. ನಾಚಿಕೆ ಹುಡುಗಿ ಎಂದು ಬಿಟ್ಟಿರಬೇಕು ಎಂದುಕೊಂಡೆ.

ಅಣ್ಣ ಟೈರಿಗೂ ಸ್ಪ್ರಿಂಗಿಗೂ ಆರ್ಡರ್ ಕೊಟ್ಟ ಮೇಲೆ ನಾನೊಬ್ಬಳೇ ಕಾಲೊನಿಗೆ ಹೋದೆ. ಬದುಕಿನಲ್ಲಿ ಮೊದಲ ಸಲ ಗೊತ್ತಿಲ್ಲದವರ ಬಾಗಿಲು ತಟ್ಟಿದೆ. ಮುಂದಿನ ತಿಂಗಳಿನಿಂದ ಜೀಪು ಬರುತ್ತದೆ, ಏನೇನು ಬೇಕು ಹೇಳಿ ಎಂದೆ. ನೀರಿನ ಟ್ಯಾಂಕಿನ ಪಕ್ಕದ ಮನೆಯ ಅಜ್ಜಿ ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದು, ಓಡಿಸುವವರು ಯಾರು ಎಂದು ಕೇಳಿದರು. ನಾನೇ ಎಂದೆ. ಮತ್ತೆ ಕೇಳಿದರು. ಮತ್ತೆ ನಾನೇ ಎಂದೆ, ಸ್ವಲ್ಪ ಜೋರಾಗಿ.

ಸ್ಪ್ರಿಂಗ್ ಬಂದ ದಿನ ಅಣ್ಣ ಊರಲ್ಲಿರಲಿಲ್ಲ. ಅಂಗಡಿಯನ್ನು ಅಮ್ಮನಿಗೆ ಬಿಟ್ಟು ಗ್ಯಾರೇಜಿಗೆ ಓಡಿದೆ. ಗೋಣಿಯ ಮೇಲೆ ಹೊಸ ಸ್ಪ್ರಿಂಗ್‌ಗಳು ಬಿಲ್ಲಿನ ಹಾಗೆ ಬಾಗಿ ಮಲಗಿದ್ದವು. ನೋಡುತ್ತ ನಿಂತೆ. ಹಳೆಯದರಲ್ಲಿ ಒಂದರ ಕೆಳಗೊಂದು ದಪ್ಪ ಪ್ಲೇಟುಗಳು ಗಟ್ಟಿಯಾಗಿ ಕೂತಿದ್ದವು. ಇದರಲ್ಲಿ ಪ್ಲೇಟುಗಳೂ ಕಡಿಮೆ, ಅವೂ ತೆಳು.

"ಮಾಮ, ಇದು ಲೋಡು ಹೊರುತ್ತಾ?"

ಮೆಕ್ಯಾನಿಕ್ ಮಾಮ ಕೈ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿದರು. "ಯಾವ ಲೋಡಮ್ಮ? ಇಬ್ಬರೇ ಕೂರೋದು, ಹಿಂದೆ ಖಾಲಿ ಅಂದನಲ್ಲ ನಿಮ್ಮಣ್ಣ. ಹಿಂದಿನ ಸೀಟೂ ಕಿತ್ತಿಡು ಅಂದಿದಾನೆ. ರೇಸಿಗೆ ಭಾರ ಆಗಬಾರ್ದು ನೋಡು."

ಸ್ಪ್ರಿಂಗ್ ತರಿಸುವಾಗ ಗಾಡಿಯಲ್ಲಿ ಎಷ್ಟು ಭಾರ ಹೋಗುತ್ತದೆ ಎಂದು ಮೊದಲೇ ಹೇಳಬೇಕಂತೆ. ಭಾರದ ಗಾಡಿಗೆ ಗಟ್ಟಿಯದು, ಖಾಲಿ ಗಾಡಿಗೆ ಮೆತ್ತನೆಯದು. ಇದರ ಮೇಲೆ ಚೀಲ ಹೇರಿದರೆ ಹಿಂಭಾಗ ಕೂತುಬಿಡುತ್ತದೆ, ಟೈರು ಮಡ್‌ಗಾರ್ಡು ತಿನ್ನುತ್ತದೆ ಎಂದರು ಮಾಮ. ಪಕ್ಕದ ಸೀಟು ಕ್ಯಾಮೆರಾನದು ಎಂಬುದೂ ಅವರ ಬಾಯಿಂದಲೇ ತಿಳಿಯಿತು. ಆಮೇಲೆ ನನ್ನ ಮುಖ ನೋಡಿ, "ನಿಂಗೆ ಗೊತ್ತಿದೆ ಅನ್ಕೊಂಡಿದ್ದೆ ಕಣಮ್ಮ," ಅಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಗಾಬರಿಯಾಗುತ್ತಾಳೆ, ಇಲ್ಲವೆ ಸಿಟ್ಟಾಗುತ್ತಾಳೆ ಎಂದು ಕಾದೆ. ಅವಳು ಬೇಳೆ ಆರಿಸುವುದನ್ನು ಬಿಡಲಿಲ್ಲ. ನೀನು ಆ ಜೀಪಿನ ಕೆಲಸದಲ್ಲಿ ಎಷ್ಟು ಗೆಲುವಾಗಿದ್ದೆ, ಹೇಳುವುದಕ್ಕೆ ಮನಸ್ಸು ಬರಲಿಲ್ಲ ಎಂದಳು. ನನಗಿಂತ ಮೊದಲು ಎಲ್ಲರಿಗೂ ಗೊತ್ತಿತ್ತು. ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುವವಳು ಎಂದು ನನ್ನ ಬಗ್ಗೆ ನನಗೊಂದು ಜಂಬವಿತ್ತು. ಒಂದೇ ತಟ್ಟೆಯಲ್ಲಿ ಉಂಡವರ ಮುಖ ಓದಲಾಗಿರಲಿಲ್ಲ.

ಅಣ್ಣ ಮರುದಿನ ಮಧ್ಯಾಹ್ನ ಬಂದ. ನಾನು ಅಂಗಡಿಯ ಶಟರ್ ಅರ್ಧ ಎಳೆದು ನಿಂತಿದ್ದೆ. ಬಗ್ಗಿ ಒಳಗೆ ಬಂದವನು ನನ್ನನ್ನು ನೋಡಿದ ಕೂಡಲೇ ಅರ್ಥಮಾಡಿಕೊಂಡ. ಕ್ಯಾಮೆರಾನ ಕ್ಲಬ್ಬು, ಅವರು ಊರೂರು ಸುತ್ತಿ ನಡೆಸುವ ಪಂದ್ಯಗಳು, ಗೆದ್ದರೆ ಸಿಗುವ ಹೆಸರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಕಾಲೊನಿಯ ವಿಚಾರ ಮೊದಲು ನಿಜವಾಗಿಯೂ ತಲೆಯಲ್ಲಿತ್ತಂತೆ, ಆಮೇಲೆ ಇದು ಬಂತಂತೆ. ಒಂದು ವರ್ಷ ಬಿಟ್ಟು ನೋಡೋಣ ಅಂದ.

"ಈ ರೇಸಿನ ಯೋಚನೆ ಬಂದ ದಿನಾನೇ ನಂಗ್ಯಾಕೆ ಹೇಳ್ಲಿಲ್ಲ?"

ಅವನು ಕಪಾಟಿನ ಮೇಲಿದ್ದ ಸೋಪುಗಳನ್ನು ಸುಮ್ಮನೆ ಸರಿಮಾಡಿದ. "ಟೈರಿನ ಅಳತೆ ಮುಗೀಲಿ ಅಂತಿದ್ದೆ. ನಿನ್ನಷ್ಟು ಸರಿಯಾಗಿ ಯಾರು ನೋಡ್ತಾರೆ ಹೇಳು?"

ಹೊಗಳಿಕೆ ಎಂದುಕೊಂಡೇ ಹೇಳಿದ. ಅದೇ ಧೈರ್ಯದಲ್ಲಿ ಮತ್ತೂ ಹೇಳಿದ. "ನೀನೇ ಯೋಚನೆ ಮಾಡು ಪುಟ್ಟಿ. ಬಾಯಿ ಬಿಟ್ಟು ನಾಲ್ಕು ಮಾತಾಡಲ್ಲ ನೀನು. ಅಲ್ಲಿ ಹೋಗಿ ವ್ಯಾಪಾರ ಮಾಡ್ತಿದ್ಯಾ?"

ನಾನು ಅಲ್ಲಿಗೆ ಹೋಗಿ ಮನೆಮನೆ ಬಾಗಿಲು ತಟ್ಟಿ ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಜೀಪು ತಯಾರಾದ ದಿನ ಹೇಳಿ ಖುಷಿಪಡಿಸೋಣ ಎಂದಿದ್ದೆ. ಈಗಲೂ ಹೇಳಲಿಲ್ಲ. ಶಟರನ್ನು ಪೂರ್ತಿ ಎತ್ತಿದೆ. ಹೊರಗೆ ಒಬ್ಬ ಗಿರಾಕಿ ಕಾಯುತ್ತಿದ್ದ. ಅವನಿಗೇನು ಬೇಕೋ ನೋಡು ಎಂದು ಅಣ್ಣನಿಗೆ ಹೇಳಿ, ಚಪ್ಪಲಿ ಮೆಟ್ಟಿ ಬಸ್ಸಿಗೆ ಹೋದೆ.

ಅಜ್ಜಿ ಹೊಸಿಲಿನ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಜೀಪು ಬರುವುದಿಲ್ಲ ಎಂದೆ.

"ರಿಪೇರಿ ಮುಗೀಲಿಲ್ವಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮನೆಯ ಮರ್ಯಾದೆಯೂ ಉಳಿಯುತ್ತಿತ್ತು. ಅಣ್ಣನೂ ಅದನ್ನೇ ಹೇಳು ಅನ್ನುತ್ತಿದ್ದ.

"ಅದಕ್ಕಲ್ಲ. ನಮ್ಮಣ್ಣ ರೇಸಿಗೆ ಒಯ್ತಾನಂತೆ. ನಂಗೆ ಕೊಡಲ್ಲ."

ಅಜ್ಜಿ ಉಗುರು ಕತ್ತರಿಯನ್ನು ಪಕ್ಕಕ್ಕಿಟ್ಟರು. ಜೀಪು ಬರುತ್ತದೆಂದು ಇಡೀ ಸಾಲಿನವರು ಹಮಾಲಿಯನ್ನು ಇನ್ನು ಬೇಡ ಎಂದುಬಿಟ್ಟಿದ್ದರಂತೆ. ಅವನು ಸಿಟ್ಟುಮಾಡಿಕೊಂಡು ಬಸ್ ಸ್ಟಾಪ್ ಬಿಟ್ಟು ಮಾರ್ಕೆಟ್ಟಿನ ಕಡೆ ಹೋಗಿದ್ದನಂತೆ. ನಮ್ಮಣ್ಣ ಹೀಗೆ ಮಾಡುತ್ತಾನೆಂದು ನನಗೂ ಗೊತ್ತಿರಲಿಲ್ಲ ಎಂದೆ.

"ನಿಮ್ಮಣ್ಣ ಯಾರೋ ನಂಗೇನು ಗೊತ್ತು?" ಅಂದರು ಅಜ್ಜಿ. "ನಾನೇ ಓಡಿಸ್ತೀನಿ ಅಂತ ಎರಡೆರಡು ಸಲ ಹೇಳಿದ್ದು ನೀನು."

ಹಮಾಲಿ ನೋಡುವುದಕ್ಕೆ ಹೇಗಿದ್ದಾನೆ ಎಂದು ಕೇಳಿದೆ. ಕೆಂಪು ಟವೆಲ್ ಸುತ್ತಿರುತ್ತಾನೆ, ಎಡಗಾಲು ಸ್ವಲ್ಪ ಎಳೆಯುತ್ತಾನೆ ಎಂದರು. ಮಾರ್ಕೆಟ್ಟಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ನಡೆದೇ ಇಳಿಯತೊಡಗಿದೆ. ಸಿಕ್ಕಿದ ಕೂಡಲೇ ಅವನನ್ನು ಕಾಲೊನಿಗೆ ವಾಪಸು ಕರೆಯಲು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಬಿಟ್ಟೇ ಹೇಳಿಕೊಳ್ಳುತ್ತ ಹೋದೆ.